ಹಲ್ಲಿನ ಚಿತ್ರಗಳ ಬೀಗ ತೆಗೆಯದ ಮೊಂಡಿ

ಹಲ್ಲು ಮಾಡುವ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಮೊಂಡಿ ಅಂತಲೇ. ಎದುರಿಗೂ ಅದೇ, ಬೆನ್ನ ಹಿಂದೆಯೂ ಅದೇ. ಬಾಗಿಲಲ್ಲಿ ಯಾರಾದರೂ ನಿಂತು "ಮೊಂಡಿ ಇದಾಳಾ?" ಅಂದರೆ ಒಳಗಿನಿಂದ ತಾನೇ "ಇದಾಳೆ, ಚಪ್ಪಲಿ ಒರೆಸ್ಕೊಂಡು ಬನ್ನಿ" ಅನ್ನುತ್ತಾಳೆ.

ಆ ಹೆಸರು ಶಾಲೆಯಲ್ಲೇ ಅಂಟಿದ್ದು. ಯಾರೋ ಕಿಟಕಿ ಗಾಜು ಒಡೆದಿದ್ದರು. ಮೇಷ್ಟ್ರು ಬಂದವರೇ ಇವಳ ಕಿವಿ ಹಿಡಿದರು. ಒಪ್ಪಿಕೋ, ಬಿಟ್ಟುಬಿಡ್ತೀನಿ ಅಂದರು. ಒಡೆಯದೆ ಇದ್ದದ್ದನ್ನು ಒಡೆದೆ ಅಂತ ಒಪ್ಪಿಕೊಳ್ಳುವುದು ಹೇಗೆ? ಬೆಂಚಿನ ಮೇಲೆ ನಿಲ್ಲಿಸಿದರು, ನಿಂತಳು. ಗಂಟೆ ಹೊಡೆಯಿತು, ಮಕ್ಕಳೆಲ್ಲ ಮನೆಗೆ ಓಡಿದರು, ಇವಳು ನಿಂತೇ ಇದ್ದಳು. ಇವಳನ್ನು ಬಿಟ್ಟು ಮೇಷ್ಟ್ರೂ ಹೋಗುವ ಹಾಗಿಲ್ಲ. ಕಡೆಗೆ ಅವರೇ "ಇಳಿಯೇ ಮೊಂಡಿ, ನನಗೆ ಹಸಿವಾಗ್ತಿದೆ" ಅಂದರಂತೆ.

ಗಂಡ ದರ್ಜಿ, ಸಾಧು ಮನುಷ್ಯ. "ಇವಳ ಹತ್ರ ವಾದ ಮಾಡೋದಕ್ಕಿಂತ ಹರಿದ ಪ್ಯಾಂಟಿಗೆ ತೇಪೆ ಹಾಕೋದು ಸಲೀಸು, ಅದಾದ್ರೂ ಒಂದು ಕಡೆ ಮುಗಿಯತ್ತೆ" ಅನ್ನುತ್ತಾನೆ. ಅಂದು ನಕ್ಕು, ಅವಳ ಊಟದ ಡಬ್ಬಿ ಕಟ್ಟಿ ಕೈಗೆ ಕೊಡುತ್ತಾನೆ.

ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಕೆಳಗೆ ಕನ್ನಡಕದ ಅಂಗಡಿ, ಮೇಲೆ ಇವರದು. ಮೆಟ್ಟಿಲು ಹತ್ತುವಾಗಲೇ ಪ್ಲಾಸ್ಟರಿನ ಬಿಳಿ ಪುಡಿ ಕಾಲಿಗೆ ಅಂಟುತ್ತದೆ. ಮೊದಲ ಕೋಣೆಯಲ್ಲಿ ಅಚ್ಚು ಎರೆಯುತ್ತಾರೆ. ಅದರಾಚೆ ಮೇಣದ ಕೆಲಸ. ಹಿಂದಿನ ಕೋಣೆಯಲ್ಲಿ ಉಜ್ಜುವ ಚಕ್ರ ಗುಂಯ್ ಅನ್ನುತ್ತಲೇ ಇರುತ್ತದೆ. ಕಿಟಕಿಯ ಬಳಿ ಮೊಂಡಿಯ ಮೇಜು, ಮೇಜಿನ ಮೇಲೆ ಕಂಪ್ಯೂಟರು. ಕೆಲಸವಿಲ್ಲದಾಗ ಅದಕ್ಕೆ ಗಂಡನ ಹಳೇ ಅಂಗಿ ಹೊದಿಸಿರುತ್ತಾಳೆ, ಪುಡಿ ಕೂರಬಾರದು ಅಂತ. ದೂರದಿಂದ ನೋಡಿದರೆ ಯಾರೋ ತಲೆ ಬಗ್ಗಿಸಿ ಕೂತ ಹಾಗೆ ಕಾಣುತ್ತದೆ.

ಅವಳು ಮೊದಲು ಅಲ್ಲಿಗೆ ಸೇರಿದ್ದು ಪ್ಲಾಸ್ಟರ್ ಕಲಸುವುದಕ್ಕೆ. ಕೈ ಬಿರಿದು ರಕ್ತ ಬರುತ್ತಿತ್ತು. ಆಮೇಲೆ ಮೇಣದಜ್ಜನ ಕೈಕೆಳಗೆ ಮೇಣ ಕೆತ್ತುವುದನ್ನು ಕಲಿತಳು. ಮೇಣದಜ್ಜ ಅಂದರೆ ಅಲ್ಲಿಯ ಹಿರಿಯ ಕೆಲಸಗಾರ. ಯಾರ ಹಲ್ಲನ್ನಾದರೂ ನೋಡಿ, ಈತ ಯಾವ ಕಡೆಯಿಂದ ಅಗಿಯುತ್ತಾನೆ ಅಂತ ಹೇಳಬಲ್ಲವನು. ಮಾತು ಕಮ್ಮಿ, ಗೊಣಗಾಟ ಜಾಸ್ತಿ. ಕಾರ್ಖಾನೆಗೆ ಕಂಪ್ಯೂಟರು ಬಂದಾಗ ಎಲ್ಲರೂ ಅದನ್ನು ಹಾವು ನೋಡಿದ ಹಾಗೆ ದೂರದಿಂದ ನೋಡಿದರು. ಮೊಂಡಿ ಸಂಜೆ ಕ್ಲಾಸಿಗೆ ಸೇರಿದಳು. ಪರೀಕ್ಷೆ ಕಟ್ಟಿದಳು, ಫೇಲಾದಳು, ಮತ್ತೆ ಕಟ್ಟಿದಳು. ಹೀಗೇ ಕಲಿಯುತ್ತ ಕಲಿಯುತ್ತ ಕಾರ್ಖಾನೆಯ ವೆಬ್‌ಸೈಟನ್ನು ತಾನೇ ಕಟ್ಟುವಷ್ಟಾದಳು. ಅದರಲ್ಲಿ ಯಾವ ಪುಟ ಎಲ್ಲಿ ತೆರೆಯುತ್ತದೆ, ಯಾವ ಗುಂಡಿ ಒತ್ತಿದರೆ ಏನಾಗುತ್ತದೆ, ಎಲ್ಲ ಅವಳ ಕೈಯಿಂದಲೇ ಆದದ್ದು.

ಹಿಂದೆ ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿಟ್ಟು ಕಳಿಸುತ್ತಿದ್ದರು. ಡಬ್ಬಿಯ ಹೊರಗೆ ದಾರದಲ್ಲಿ ಒಂದು ಚೀಟಿ ಕಟ್ಟಿರುತ್ತಿತ್ತು, ಹಲ್ಲು ಯಾವ ಬಣ್ಣದ್ದಾಗಬೇಕು ಅಂತ. ಹಲ್ಲೆಂದರೆ ಬಿಳಿ ಅಂದುಕೊಂಡವರು ಒಮ್ಮೆ ಅಲ್ಲಿಗೆ ಹೋಗಿ ನೋಡಬೇಕು. ಹಾಲಿನ ಬಿಳಿ, ಎಲುಬಿನ ಬಿಳಿ, ಚಹಾ ಕುಡಿದ ಬಿಳಿ, ಹೊಗೆ ಸೇದಿದ ಬಿಳಿ, ಹೀಗೆ ಸಾಲಾಗಿ ಮಾದರಿ ಹಲ್ಲುಗಳನ್ನು ಜೋಡಿಸಿಟ್ಟಿದ್ದಾರೆ. ಚೀಟಿ ಕಳೆದರೆ ಕೆಲಸ ಕೆಟ್ಟಿತು. ಅದಕ್ಕೇ ಮೇಣದಜ್ಜ ಹೊಸಬರಿಗೆ ಮೊದಲು ಹೇಳುವ ಮಾತು, "ಚೀಟಿ ಡಬ್ಬಿ ಹೊರಗೇ ಇರ್ಬೇಕು. ಮುಚ್ಚಳ ತೆಗೀದೇನೇ ಬಣ್ಣ ಗೊತ್ತಾಗ್ಬೇಕು."

ಈಗ ಅಚ್ಚಿನ ಜೊತೆ ಚಿತ್ರಗಳೂ ಬರುತ್ತವೆ. ಬಾಯಿ ಮುಚ್ಚಿದ ಮುಖ, ನಕ್ಕ ಮುಖ, ಹಲ್ಲಿಲ್ಲದೆ ಬಾಯಿ ತೆರೆದ ಮುಖ. ಡಾಕ್ಟರು ತಮ್ಮ ಕ್ಲಿನಿಕ್ಕಿನಲ್ಲಿ ಕೂತು ಕಾರ್ಖಾನೆಯ ವೆಬ್‌ಸೈಟು ತೆರೆದು ಚಿತ್ರ ಹಾಕುತ್ತಾರೆ. ಆದರೆ ಚಿತ್ರ ಬಂದು ಕೂರುವುದು ವೆಬ್‌ಸೈಟಿನಲ್ಲಲ್ಲ. ಅದಕ್ಕೆ ಕ್ಲೌಡಿನಲ್ಲಿ ಬಾಡಿಗೆಗೆ ಹಿಡಿದ ಬೇರೆ ಉಗ್ರಾಣವಿದೆ. ವೆಬ್‌ಸೈಟಿನ ವಿಳಾಸ ಬೇರೆ, ಉಗ್ರಾಣದ ವಿಳಾಸ ಬೇರೆ. ಒಂದು ವಿಳಾಸದ ಪುಟದಿಂದ ಇನ್ನೊಂದು ವಿಳಾಸಕ್ಕೆ ಸಾಮಾನು ಸಾಗಿಸುವಾಗ ಬ್ರೌಸರು ಸುಮ್ಮನೆ ಹೊತ್ತುಕೊಂಡು ನುಗ್ಗುವುದಿಲ್ಲ. ಮೊದಲು ಬರಿಗೈಲಿ ಹೋಗಿ ಉಗ್ರಾಣವನ್ನು ಕೇಳುತ್ತದೆ: ಇಂಥ ವಿಳಾಸದಿಂದ ಬಂದಿದೀನಿ, ಇಂಥದ್ದು ತರ್ತೀನಿ, ಬಿಡ್ತೀಯಾ? ಉಗ್ರಾಣದವರು ತಮಗೆ ಕೊಟ್ಟ ಅಪ್ಪಣೆಯನ್ನು ನೋಡಿ ಹೂಂ ಅಂದರೆ ಸರಿ. ಹೂಂ ಅನ್ನದಿದ್ದರೆ ಬ್ರೌಸರು ಅಲ್ಲಿಂದಲೇ ವಾಪಸು. ಇದಕ್ಕೆ ಆ ಕೆಲಸದವರು ಕ್ರಾಸ್ ಒರಿಜಿನ್ ತಕರಾರು ಅನ್ನುತ್ತಾರೆ.

ಅಪ್ಪಣೆಯನ್ನು ಬರೆದಿಟ್ಟವಳೂ ಮೊಂಡಿಯೇ, ಉಗ್ರಾಣಕ್ಕೆ ಬೀಗ ಹಾಕಿದವಳೂ ಅವಳೇ. ಆ ಬೀಗದ ಹಿಂದೆ ಒಂದು ಮಾತಿದೆ. ನಿವೃತ್ತರಾದ ಹೆಡ್‌ಮಿಸ್ಟ್ರೆಸ್ ಒಬ್ಬರು ಕಟ್ಟಿಸಿದ ಹಲ್ಲಿನ ಸೆಟ್ಟು ಮಾಡಿಸಲು ಬಂದಿದ್ದರು. ಬಾಯಿಗೆ ಕರವಸ್ತ್ರ ಒತ್ತಿಕೊಂಡೇ ಕೇಳಿದರು.

"ಈ ಚಿತ್ರ ಯಾರ್ಯಾರು ನೋಡ್ತಾರಮ್ಮಾ?"

"ನಿಮ್ಮ ಡಾಕ್ಟ್ರು, ನಾನು, ನಮ್ಮ ಮೇಣದಜ್ಜ."

"ಅಷ್ಟೇನಾ?"

"ಅಷ್ಟೇ."

"ನಮ್ಮ ಮನೆಯವ್ರೇ ನೋಡಿಲ್ಲ ಕಣಮ್ಮಾ ಇದನ್ನ. ಹಲ್ಲು ತೆಗೆದು ನೀರಿಗೆ ಹಾಕೋವಾಗ ದೀಪ ಆರಿಸ್ತೀನಿ ನಾನು."

"ಯಾರೂ ನೋಡಲ್ಲ. ನಾನು ಹೇಳ್ತಿದೀನಲ್ಲ" ಅಂದಿದ್ದಳು ಮೊಂಡಿ. ಆಮೇಲೆ ಕರವಸ್ತ್ರ ಇಳಿಯಿತು.

ಆ ವಾರ ಎರಡು ಬದಲಾವಣೆ ಒಟ್ಟಿಗೇ ಆಯಿತು. ಯಜಮಾನರು ಕಾರ್ಖಾನೆಯ ಬೋರ್ಡು ಬದಲಿಸಿ, ಹೊಸ ಹೆಸರಿಟ್ಟು, ವೆಬ್‌ಸೈಟಿಗೂ ಹೊಸ ವಿಳಾಸ ತೆಗೆದುಕೊಂಡರು. ಅದೇ ರಜೆಯ ದಿನ ಮೊಂಡಿ ಕೂತು ಇನ್ನೂ ಕೆಲವು ಸಣ್ಣಪುಟ್ಟ ರಿಪೇರಿ ಮಾಡಿದಳು. ರಜೆ ಕಳೆದು ಬಾಗಿಲು ತೆಗೆದದ್ದೇ ತಡ, ಫೋನು ಬಡಿದುಕೊಳ್ಳತೊಡಗಿತು. ಚಿತ್ರ ಹೋಗುತ್ತಿಲ್ಲ. ಒಂದು ಕ್ಲಿನಿಕ್ಕಲ್ಲ, ಎಲ್ಲ ಕಡೆಯಿಂದಲೂ ಅದೇ ದೂರು.

ಮೊಂಡಿಗೆ ಕಾರಣ ಕೂಡಲೇ ಹೊಳೆಯಿತು. ವೆಬ್‌ಸೈಟಿನ ವಿಳಾಸ ಬದಲಾಗಿದೆ, ಉಗ್ರಾಣಕ್ಕೆ ಹೇಳಿಲ್ಲ. ಅಪ್ಪಣೆಗೆ ಹೊಸ ವಿಳಾಸ ಸೇರಿಸಿದಳು. ಗಂಡನ ಕತ್ತರಿಯ ಒಂದು ಫೋಟೋ ಫೋನಿನಲ್ಲಿತ್ತು, ಅದನ್ನೇ ಹಾಕಿ ನೋಡಿದಳು. ಸರಕ್ಕನೆ ಹೋಯಿತು. "ಸರಿಹೋಯ್ತು" ಅಂತ ಎಲ್ಲರಿಗೂ ಹೇಳಿ, ಲೋಟ ತೊಳೆದುಕೊಂಡು ಚಹಾ ಬಗ್ಗಿಸಿದಳು. ಬಾಯಿಗಿಡುವುದರೊಳಗೆ ಮತ್ತೆ ಫೋನು. ಹೋಗುತ್ತಿಲ್ಲ.

"ನನ್ನ ಹತ್ರ ಹೋಗ್ತಿದೆಯಲ್ಲ" ಅಂದಳು.

"ನಿಮ್ಮ ಹತ್ರ ಹೋದ್ರೆ ನಾನೇನು ಮಾಡ್ಲಿ, ನಿಮ್ಮ ಹತ್ರಾನೇ ಹಲ್ಲು ಕೀಳಿಸ್ಕೊಳ್ಳೋಕೆ ಕಳಿಸ್ಲಾ ಜನಾನ?" ಅಂದಿತು ಆ ಕಡೆಯ ದನಿ.

ಕತ್ತರಿ ಮತ್ತೆ ಹೋಯಿತು. ಕ್ಲಿನಿಕ್ಕಿನ ಚಿತ್ರ ಮತ್ತೆ ಹೋಗಲಿಲ್ಲ. ಒಂದು ಕ್ಲಿನಿಕ್ಕಿನಿಂದ ಸ್ಕ್ರೀನಿನ ಫೋಟೋ ತರಿಸಿಕೊಂಡಳು. ಕೆಂಪು ಅಕ್ಷರದ ಒಂದು ಸಾಲು ಅಡ್ಡಡ್ಡ ಬಂದಿತ್ತು. ಅದರಲ್ಲಿ ಕ್ರಾಸ್ ಒರಿಜಿನ್ ತಡೆ ಅನ್ನುವ ಮೊದಲ ಭಾಗ ಮಾತ್ರ ಇತ್ತು. ಉಳಿದದ್ದು ಫೋಟೋ ತೆಗೆದವರ ಹೆಬ್ಬೆರಳಿನ ಕೆಳಗೆ.

ಯಜಮಾನರಿಗೆ ಬೆವರಿತು. ಅವರು ತಮ್ಮ ಭಾಮೈದನನ್ನು ಕರೆಸಿದರು. ಭಾಮೈದ ಕಂಪ್ಯೂಟರಿನದೇ ಅಂಗಡಿ ಇಟ್ಟವನು, ಓಡಾಡುವವನು, ಕೆಲಸ ಗೊತ್ತಿಲ್ಲದವನೇನಲ್ಲ. ಬಂದವನು ಕೂರಲೂ ಇಲ್ಲ.

"ಭಾವ, ಇದು ದಿನಾ ನೋಡೋ ಕಾಯ್ಲೆ. ಅಪ್ಪಣೆ ಕೇಳೋ ಕಡೆಯೆಲ್ಲ ಒಂದೊಂದು ನಕ್ಷತ್ರದ ಗುರುತು ಹಾಕಿದ್ರೆ ಯಾರು ಬೇಕಾದ್ರೂ ಬರಬಹುದು ಅಂತ. ಬೀಗಾನೂ ತೆಗೆದು ಉಗ್ರಾಣ ಸಾರ್ವಜನಿಕ ಮಾಡಿಬಿಡಿ. ತಲೆನೋವೇ ಇಲ್ಲ. ನಾನು ಎಷ್ಟೋ ಕಡೆ ಹೀಗೇ ಮಾಡಿ ಕೊಟ್ಟಿದೀನಿ."

"ಆ ಎಷ್ಟೋ ಕಡೆ ಏನಿಟ್ಟಿದ್ರು ಒಳಗೆ?" ಅಂತ ಕೇಳಿದಳು ಮೊಂಡಿ.

"ಏನೋ. ಬಟ್ಟೆ, ಚಪ್ಪಲಿ, ಕುರ್ಚಿ ಫೋಟೋ."

"ಇಲ್ಲಿ ಜನರ ಮುಖ ಇದೆ."

"ಅಕ್ಕಾವ್ರೇ, ಯಾರಿಗೆ ಬೇಕು ಹೇಳಿ ಹಲ್ಲಿಲ್ಲದೋರ ಮುಖ? ದುಡ್ಡು ಕೊಟ್ಟು ನೋಡಿ ಅಂದ್ರೂ ಯಾರೂ ನೋಡಲ್ಲ."

"ಯಾರಿಗೂ ಬೇಡದಿದ್ರೆ ಬೀಗ ಇದ್ರೇನು ತೊಂದರೆ? ಇನ್ನೊಂದು ಮಾತು. ತರೋರನ್ನ ತಡೆಯೋದು ಬೇರೆ, ನೋಡೋರನ್ನ ತಡೆಯೋದು ಬೇರೆ. ಈಗ ಕೆಟ್ಟಿರೋದು ತರೋ ದಾರಿ. ನೋಡೋ ಬೀಗಕ್ಕೆ ಯಾಕೆ ಕೈ ಹಾಕ್ತೀರಿ?"

ಯಜಮಾನರು ನಡುವೆ ಬಂದರು. "ಮೊಂಡಿ, ಪಾಠ ಮಾಡ್ಬೇಡ. ಡಾಕ್ಟ್ರುಗಳು ಬೇರೆ ಕಾರ್ಖಾನೆಗೆ ಹೋದ್ರೆ ನಾವು ಬರೀ ಪ್ಲಾಸ್ಟರ್ ತಿನ್ಬೇಕು."

"ನಿಮ್ಮ ಬೊಚ್ಚು ಬಾಯೂ ಅದರಲ್ಲೇ ಇದೆ ಯಜಮಾನ್ರೇ. ನಿಮ್ಮ ಸೆಟ್ಟು ಮಾಡಿದ್ದೂ ನಾವೇ."

"ನಂದು ಕಾಣ್ಲಿ ಬಿಡೆ. ಊರೆಲ್ಲ ನೋಡಿ ಆಗಿದೆ."

"ಹೆಡ್‌ಮಿಸ್ಟ್ರೆಸ್ದು?"

ಯಜಮಾನರು ಚಿಕ್ಕಂದಿನಲ್ಲಿ ಆ ಹೆಡ್‌ಮಿಸ್ಟ್ರೆಸ್ ಕೈಯಲ್ಲಿ ಓದಿದವರು. ಈಗಲೂ ಅವರು ಮೆಟ್ಟಿಲು ಹತ್ತಿದರೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಈಗ ಹೆಸರು ಕೇಳಿಯೇ ಕೈ ಗುಂಡಿಗೆ ಹೋಯಿತು. ಆಮೇಲೆ, "ಸಂಜೆವರೆಗೂ ನೋಡು. ಆಗಲಿಲ್ವೋ, ಇವನು ಹೇಳಿದ ಹಾಗೇ" ಅಂದು ಒಳಗೆ ಹೋದರು.

ಮೊಂಡಿ ಮೇಜಿನ ಮುಂದೆ ಕೂತು ಕತ್ತರಿಯ ಫೋಟೋವನ್ನು ಮತ್ತೊಮ್ಮೆ ಕಳಿಸಿದಳು. ಹೋಯಿತು. ಹೋಗುವುದನ್ನೇ ಎಷ್ಟು ಸಲ ನೋಡುತ್ತ ಕೂತರೂ ಹೋಗದ್ದು ಯಾಕೆ ಅಂತ ತಿಳಿಯುವುದಿಲ್ಲ. ಕೆಟ್ಟದ್ದು ಎಲ್ಲಿ ಕೆಡುತ್ತಿದೆಯೋ ಅಲ್ಲಿಗೇ ಹೋಗಿ ನೋಡಬೇಕು. ಕಂಪ್ಯೂಟರಿಗೆ ಅಂಗಿ ಹೊದಿಸಿ ಎದ್ದಳು.

"ಎಲ್ಲಿಗೇ?" ಅಂದ ಮೇಣದಜ್ಜ, ಕೈಯಲ್ಲಿದ್ದ ಮೇಣದ ಹಲ್ಲಿನಿಂದ ಕಣ್ಣೆತ್ತದೆ.

"ಕ್ಲಿನಿಕ್ಕಿಗೆ, ಅಜ್ಜ. ಆ ಕೆಂಪು ಸಾಲು ಪೂರ್ತಿ ಓದ್ಕೊಂಡು ಬರ್ತೀನಿ."

"ಹೋಗು, ಹೋಗು. ಇಲ್ಲಿ ಕೂತ್ರೆ ಆ ಭಾಮೈದನ ಕಿವಿ ಕಚ್ತೀಯ. ಆಮೇಲೆ ಅದಕ್ಕೂ ಅಚ್ಚು ತೆಗಿಬೇಕು ನಾನು."

ಹತ್ತಿರದ ಕ್ಲಿನಿಕ್ಕು ಮೂರು ಬೀದಿಯಾಚೆ, ಔಷಧಿ ಅಂಗಡಿಯ ಪಕ್ಕದ ಓಣಿಯಲ್ಲಿ. ಕೌಂಟರಿನಲ್ಲಿ ಕೂತ ಹೆಂಗಸಿಗೆ ಮೊಂಡಿ ಫೋನಿನಲ್ಲಷ್ಟೇ ಪರಿಚಯ, ಆದರೂ ನೋಡಿದ ಕೂಡಲೇ ಗುರುತು ಹಿಡಿದಳು, ಕಾಲಿನ ಬಿಳಿ ಪುಡಿಯಿಂದ.

"ಬಂದ್ರಾ ಹಲ್ಲಿನ ಕಾರ್ಖಾನೆಯೋರು? ಬನ್ನಿ ಬನ್ನಿ. ಇವರನ್ನ ನೋಡಿ, ನಿಮ್ಮ ಕಂಪ್ಯೂಟರು ಮಾಡಿರೋ ಉಪಕಾರ."

ಬೆಂಚಿನ ಮೇಲೆ ಒಬ್ಬ ಬಸ್ ಕಂಡಕ್ಟರು ಬಾಯಿ ಮುಚ್ಚಿಕೊಂಡು ಕೂತಿದ್ದ. ಮುಂದಿನ ಎರಡು ಹಲ್ಲು ಮುರಿದಿದ್ದವು. ಅವನಿಗೆ ಕ್ಯಾಪು ಹಾಕಬೇಕು, ಚಿತ್ರ ಹೋಗದೆ ಕ್ಯಾಪಿನ ಕೆಲಸವೇ ಶುರುವಾಗಿಲ್ಲ.

"ಬಸ್ಸಲ್ಲಿ ಕೂಗೋಕಾಗ್ತಿಲ್ಲ ಅಕ್ಕಾ" ಅಂದ, ಬೆರಳ ಸಂದಿಯಿಂದ. "ನಾನು ಸೀಟಿ ಊದಿದ್ರೆ ಬರೀ ಗಾಳಿ ಹೋಗತ್ತೆ. ಡ್ರೈವರ್ರು ಕನ್ನಡೀಲಿ ನನ್ನೇ ನೋಡಿ ನಗ್ತಾರೆ."

"ಇವತ್ತೇ ಸರಿಮಾಡ್ತೀನಣ್ಣ" ಅಂದಳು ಮೊಂಡಿ. ಹೇಗೆ ಮಾಡುತ್ತೀನಿ ಅಂತ ಇನ್ನೂ ಗೊತ್ತಿರಲಿಲ್ಲ.

ಕೌಂಟರಿನ ಹೆಂಗಸಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. "ನೀವು ದಿನಾ ಹ್ಯಾಗೆ ಮಾಡ್ತೀರೋ ಹಾಗೇ ಮಾಡಿ. ನಾನು ಮಾತಾಡಲ್ಲ."

"ಮೊಂಡಿ ಮಾತಾಡಲ್ಲ ಅಂದ್ರೆ ಬರೆದಿಟ್ಕೋಬೇಕು ಇವತ್ತಿನ ದಿನಾನ" ಅಂದು ಆಕೆ ಮೌಸಿಗೆ ಕೈ ಹಾಕಿದಳು.

ಅಷ್ಟರಲ್ಲಿ ಮೊಂಡಿಯ ಫೋನು ಟಿಣ್ ಅಂದಿತು. ಒಂದು ಸಂದೇಶ. ಉಗ್ರಾಣದ ಅಪ್ಪಣೆಗೆ ಕೈ ಹಾಕಬೇಕಾದರೆ ಯಜಮಾನರಿಗೂ ಗೊತ್ತಿರುವ ಪಾಸ್‌ವರ್ಡ್ ಮಾತ್ರ ಸಾಲದು, ಆಗಿಂದಾಗ ಒಂದು ನಂಬರು ಬರುತ್ತದೆ, ಅದನ್ನೂ ಒತ್ತಬೇಕು. ಆ ನಂಬರು ಬರುವುದು ಮೊಂಡಿಯ ಫೋನಿಗೆ. ತಾನು ಇಲ್ಲಿ ಸ್ಟೂಲಿನ ಮೇಲೆ ಕೂತಿರುವಾಗ ನಂಬರು ಬಂತೆಂದರೆ, ತನ್ನ ಕುರ್ಚಿಯಲ್ಲಿ ಯಾರೋ ಕೂತಿದ್ದಾರೆ ಅಂತಲೇ ಅರ್ಥ. ಸಂಜೆಗೆ ಇನ್ನೂ ಹೊತ್ತಿತ್ತು.

ಫೋನು ಬಡಿದುಕೊಂಡಿತು. ಭಾಮೈದ.

"ಅಕ್ಕಾವ್ರೇ, ಒಂದು ನಂಬರ್ ಬಂದಿರತ್ತೆ ನೋಡಿ."

"ಬಂದಿದೆ."

"ಹೇಳಿ."

"ಹೇಳಲ್ಲ."

ಉಜ್ಜುವ ಚಕ್ರದ ಗುಂಯ್ ನಡುವೆ ಅವನು ನಕ್ಕ. "ತಮಾಷೆ ಸಾಕು. ಇದು ಬೇಗ ಹಳೇದಾಗತ್ತೆ, ಹೇಳಿ ಹೇಳಿ."

"ಹಳೇದಾಗ್ಲಿ ಅಂತಾನೇ ಕಾಯ್ತಿದೀನಿ."

ಫೋನು ಕೈ ಬದಲಾಯಿತು. ಯಜಮಾನರ ದನಿ, ಮೆಲ್ಲಗಿತ್ತು. ಅವರು ಕೂಗಿದರೆ ಯಾರೂ ಹೆದರುವುದಿಲ್ಲ, ಮೆಲ್ಲಗೆ ಮಾತಾಡಿದರೆ ಮೇಣದಜ್ಜನೂ ಹೆದರುತ್ತಾನೆ.

"ನೋಡು ಮೊಂಡಿ. ಇಬ್ಬರು ಡಾಕ್ಟ್ರು ಇವತ್ತೇ ಬೇರೆ ಕಡೆ ಕಳಿಸ್ತೀವಿ ಅಂದ್ರು. ನಾನು ಸಂಜೆವರೆಗೂ ಕಾಯೋ ಹಾಗಿಲ್ಲ. ನಂಬರ್ ಕೊಡು."

"ನೀವು ಸಂಜೆ ಅಂದಿದ್ರಿ."

"ಅಂದಿದ್ದೆ. ಈಗ ಈಗಲೇ ಅಂತಿದೀನಿ. ಕಾರ್ಖಾನೆ ನಂದು. ಉಗ್ರಾಣ ನಂದು."

"ಮುಖ ಅವರವರದು, ಯಜಮಾನ್ರೇ."

"ನಂಬರ್ ಕೊಡು. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

ಕೌಂಟರಿನ ಹೆಂಗಸಿನ ಕೈ ಮೌಸಿನ ಮೇಲೇ ನಿಂತಿತ್ತು. ಕಂಡಕ್ಟರು ಬಾಯಿ ಮುಚ್ಚಿಕೊಳ್ಳುವುದನ್ನೇ ಮರೆತು ನೋಡುತ್ತಿದ್ದ. ಮೊಂಡಿಗೆ ಪ್ಲಾಸ್ಟರ್ ಕಲಸಿ ಬಿರಿದ ಕೈ, ಫೇಲಾಗಿ ಅತ್ತದ್ದು, ಮೊದಲ ಸಲ ತನ್ನ ಕೈಯಲ್ಲಿ ಕಟ್ಟಿದ ಪುಟ ತೆರೆದುಕೊಂಡಾಗ ಮೇಣದಜ್ಜನನ್ನು ಕೈ ಹಿಡಿದು ಎಳೆತಂದು ತೋರಿಸಿದ್ದು, ಎಲ್ಲ ಒಂದರ ಮೇಲೊಂದು ನೆನಪಿಗೆ ಬಂದವು. ಹೊಲಿಗೆಯ ಸಂಪಾದನೆಯೊಂದರಿಂದ ಮನೆ ನಡೆಯುವುದಿಲ್ಲ ಅನ್ನುವುದೂ ಬಂತು.

"ನಾಳೆ ಬರಬೇಕೋ ಬೇಡವೋ ನಾಳೆ ನೋಡೋಣ" ಅಂದಳು. "ಇವತ್ತು ಇನ್ನೂ ನಾನೇ ಕೆಲಸದವಳು. ಇವತ್ತು ನಂಬರ್ ಕೊಡಲ್ಲ."

ಫೋನಿಟ್ಟಳು. ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ನೀವು ಮಾಡಿ" ಅಂದಳು ಕೌಂಟರಿನ ಹೆಂಗಸಿಗೆ. "ನಿಲ್ಲಿಸಬೇಡಿ."

ಆಕೆ ಮೊದಲು ಒಬ್ಬ ಹುಡುಗಿಯ ಚಿತ್ರ ಹಾಕಿದಳು. ಹಲ್ಲು ಸಾಲಾಗಿ ಬರಲಿ ಅಂತ ಹಾಕುವ ಕ್ಲಿಪ್ಪಿಗೆ. ಹೋಯಿತು.

"ಇದು ಹೋಯ್ತಲ್ಲ!"

"ಕ್ಲಿಪ್ಪಿಂದು ನೀವು ಸರಿಹೋಯ್ತು ಅಂದಾಗಿಂದಾನೂ ಹೋಗ್ತಿದೆ. ನಿಮ್ಮೋರು ಹೋಗದೇ ಇದ್ದಿದ್ದು ಯಾವುದು ಅಂತ ಕೇಳಿದ್ರೇ ಹೊರತು ಹೋಗಿದ್ದು ಯಾವುದು ಅಂತ ಯಾರು ಕೇಳಿದ್ರು?" ಅಂದು ಕಂಡಕ್ಟರನ ಚಿತ್ರ ಆರಿಸಿದಳು. ಆಮೇಲೆ ಪುಟದಲ್ಲಿ ಹಲ್ಲಿನ ಬಣ್ಣ ಆರಿಸಿದಳು, ಚಹಾ ಕುಡಿದ ಬಿಳಿ. ಒತ್ತಿದಳು. ಹೋಗಲಿಲ್ಲ.

ಮೊಂಡಿ ಮುಂದೆ ಬಾಗಿ, ಬ್ರೌಸರಿನ ಒಳಮಾತು ಕಾಣುವ ಪಟ್ಟಿಯನ್ನು ತೆರೆದಳು. ಅದೇ ಕೆಂಪು ಸಾಲು. ಎಲ್ಲರೂ ಅದರ ತಲೆ ಓದಿ ಹೌಹಾರಿದ್ದರು, ಬಾಲದವರೆಗೆ ಯಾರೂ ಹೋಗಿರಲಿಲ್ಲ. ಅವಳು ಬೆರಳಿಟ್ಟು ಒಂದೊಂದೇ ಮಾತು ಓದಿದಳು. ವಿಳಾಸದ ಬಗ್ಗೆ ತಕರಾರೇ ಇಲ್ಲ. ಹೊರಗೆ ಕಟ್ಟಿದ ಇಂಥದೊಂದು ಚೀಟಿಗೆ ಅಪ್ಪಣೆ ಇಲ್ಲ ಅಂತಿತ್ತು ಬಾಲ. ಚೀಟಿಯ ಹೆಸರೂ ಇತ್ತು. ಹಲ್ಲಿನ ಬಣ್ಣ.

ಅವಳು ಆ ಹೆಸರನ್ನು ಇನ್ನೊಮ್ಮೆ ಓದಿದಳು.

ಆ ಚೀಟಿ ಕಟ್ಟಿದವಳು ಅವಳೇ. ಚಿತ್ರ ಒಂದು ಕಡೆ, ಬಣ್ಣ ಎಲ್ಲೋ ಬೇರೆ ಕಡೆ ಕೂತಿರುತ್ತದೆ, ಹುಡುಕಿ ಸಾಕಾಯ್ತು ಅಂತ ಮೇಣದ ಕೋಣೆಯವರು ಗೊಣಗುತ್ತಿದ್ದರು. ರಜೆಯ ದಿನ ಅವಳು ಮಾಡಿದ ಸಣ್ಣಪುಟ್ಟ ರಿಪೇರಿಯಲ್ಲಿ ಅದೂ ಒಂದು. ಡಬ್ಬಿಗೆ ಹೊರಗೆ ಚೀಟಿ ಕಟ್ಟಿ ಬೆಳೆದ ಕೈ. ಮುಚ್ಚಳ ತೆಗೆಯದೆ ಬಣ್ಣ ಗೊತ್ತಾಗಬೇಕು ಅನ್ನುವುದು ರಕ್ತಕ್ಕೇ ಇಳಿದಿತ್ತು. ಚಿತ್ರದ ಫೈಲಿಗೂ ಹಾಗೇ, ಅದು ಸಾಗುವಾಗಲೇ ಕಾಣುವ ಹಾಗೆ, ಬಣ್ಣವನ್ನು ಹೊರಗಡೆ ಕಟ್ಟಿದ್ದಳು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಒಳಗೇ ಎಲ್ಲೋ ಇಡುತ್ತಿದ್ದರು. ಬ್ರೌಸರು ಉಗ್ರಾಣಕ್ಕೆ ಹೋಗಿ, ಚಿತ್ರ ತರ್ತೀನಿ, ಹೊರಗೆ ಇಂಥ ಚೀಟಿ ಇದೆ, ಬಿಡ್ತೀಯಾ ಅಂತ ಕೇಳುತ್ತದೆ. ಇಂಥ ಚೀಟಿಯ ಸುದ್ದಿಯೇ ತನಗಿಲ್ಲ ಅನ್ನುತ್ತದೆ ಉಗ್ರಾಣ. ಕ್ಲಿಪ್ಪಿಗೆ ಬಣ್ಣವಿಲ್ಲ, ಚೀಟಿಯಿಲ್ಲ, ಹೋಗುತ್ತದೆ. ಗಂಡನ ಕತ್ತರಿಗೂ ಬಣ್ಣವಿಲ್ಲ.

"ಏನಾಯ್ತು? ಮುಖ ಯಾಕೆ ಹಾಗೆ?" ಅಂದಳು ಕೌಂಟರಿನ ಹೆಂಗಸು.

"ಸಿಕ್ತು. ತಪ್ಪು ನಂದೇ."

"ಅಯ್ಯೋ! ಅವರ ಹತ್ರ ಅಷ್ಟು ಜೋರು ಮಾಡಿದ್ರಲ್ಲ ಈಗ."

"ಜೋರು ಮಾಡಿದ್ದು ಬೀಗಕ್ಕೆ. ಅದು ಈಗಲೂ ಸರಿಯೇ."

"ಇಲ್ಲೇ ಸರಿಮಾಡಿಬಿಡಿ ಮತ್ತೆ. ನಮ್ಮ ಕಂಪ್ಯೂಟರಲ್ಲೇ."

"ಬೇಡ. ಆ ಪಾಸ್‌ವರ್ಡ್ ಬೇರೆಯವರ ಕಂಪ್ಯೂಟರಲ್ಲಿ ಒತ್ತಲ್ಲ ನಾನು. ನಿಮ್ಮದಾದ್ರೂ ಅಷ್ಟೇ, ಬೇಜಾರ್ ಮಾಡ್ಕೋಬೇಡಿ" ಅಂದು ಚಪ್ಪಲಿ ಮೆಟ್ಟಿದಳು.

ಬಂದ ದಾರಿಯಲ್ಲೇ ವಾಪಸು ನಡೆದಳು, ಓಡಲಿಲ್ಲ. ಓಡಿದರೆ ಹೆದರಿ ಬಂದ ಹಾಗಾಗುತ್ತದೆ ಅನ್ನಿಸಿತು. ಮೆಟ್ಟಿಲು ಹತ್ತಿ ಒಳಗೆ ಬಂದಾಗ ಚಕ್ರ ನಿಂತಿತ್ತು. ಎಲ್ಲರೂ ಕೆಲಸ ಬಿಟ್ಟು ನೋಡುತ್ತಿದ್ದರು. ಭಾಮೈದ ಅವಳ ಕುರ್ಚಿಯಲ್ಲಿ, ಯಜಮಾನರು ಅವನ ಹಿಂದೆ. ಅಂಗಿ ನೆಲದ ಮೇಲೆ ಬಿದ್ದಿತ್ತು. ಅದನ್ನೆತ್ತಿ ಕೊಡವಿ ಮಡಿಸಿದಳು.

"ಏಳಿ" ಅಂದಳು ಭಾಮೈದನಿಗೆ.

"ಭಾವ ಹೇಳ್ಲಿ."

"ಭಾವನ್ನ ಆಮೇಲೆ ಕೇಳಿ. ಕಾರಣ ಸಿಕ್ಕಿದೆ, ಎದ್ರೆ ಸರಿಮಾಡ್ತೀನಿ. ಏಳದಿದ್ರೆ ಇಬ್ಬರೂ ಹೀಗೇ ಇರೋಣ. ನನಗೆ ನಿಂತು ಅಭ್ಯಾಸ ಇದೆ."

ಯಜಮಾನರು ಅವಳ ಮುಖ ನೋಡಿದರು, ಭಾಮೈದನ ಭುಜ ಮುಟ್ಟಿದರು. ಅವನು ಎದ್ದ. ಅವಳು ಕೂತಳು. ತನ್ನ ಫೋನಿಗೆ ಹೊಸದಾಗಿ ಬಂದ ನಂಬರನ್ನು ತಾನೇ ಒತ್ತಿದಳು. ಅಪ್ಪಣೆಯಲ್ಲಿ, ತರಬಹುದಾದ ಚೀಟಿಗಳ ಸಾಲಿನಲ್ಲಿ, ಹಲ್ಲಿನ ಬಣ್ಣ ಅನ್ನುವ ಆ ಒಂದು ಚೀಟಿಯ ಹೆಸರನ್ನು ಸೇರಿಸಿದಳು. ನಕ್ಷತ್ರ ಹಾಕಲಿಲ್ಲ. ಬೀಗದ ಪುಟವನ್ನು ತೆರೆದು ಅದು ಹಾಕಿದ ಹಾಗೇ ಇದೆಯಾ ಅಂತ ನೋಡಿ, ಮುಚ್ಚಿದಳು. ಫೋನು ತೆಗೆದುಕೊಂಡು ಕೌಂಟರಿನ ಹೆಂಗಸಿಗೆ ಮಾಡಿದಳು.

"ಪುಟ ಮತ್ತೆ ತೆಗೆದು ಕಂಡಕ್ಟರಣ್ಣಂದು ಹಾಕಿ. ಬಣ್ಣ ಆರಿಸೇ ಹಾಕಿ."

ಮೇಣದಜ್ಜ ಎದ್ದು ಬಂದು ಅವಳ ಬೆನ್ನ ಹಿಂದೆ ನಿಂತ. ಸ್ಕ್ರೀನಿನ ಮೇಲೆ ಎರಡು ಮುರಿದ ಹಲ್ಲು ಮೂಡಿದವು, ಹೊರಗೆ ಚಹಾ ಕುಡಿದ ಬಿಳಿ ಅನ್ನುವ ಚೀಟಿ ಸಮೇತ.

"ಎಡಗಡೆಯಿಂದ ಅಗೀತಾನೆ ಇವನು" ಅಂದ ಮೇಣದಜ್ಜ. ಅಂದು ತನ್ನ ಜಾಗಕ್ಕೆ ಹೋದ. ಚಕ್ರ ಮತ್ತೆ ಗುಂಯ್ ಅಂದಿತು.

ಭಾಮೈದ ಬಗ್ಗಿ ನೋಡಿದ. "ಚೀಟಿದಾ ತಕರಾರು! ಹಾಗಾದ್ರೆ ನಾನು ಹೇಳಿದ ನಕ್ಷತ್ರ ಹಾಕಿದ್ರೂ ಸರಿಹೋಗ್ತಿತ್ತಲ್ಲ?"

"ಹೋಗ್ತಿತ್ತು" ಅಂದಳು ಮೊಂಡಿ. "ಅದರ ಜೊತೆ ನೀವು ತೆಗೀತಿದ್ದ ಬೀಗಾನೂ ಹೋಗ್ತಿತ್ತು."

"ಯಾಕೆ ಸಿಕ್ಕಿಹಾಕ್ಕೊಳ್ತು ಇದು, ಯಾರು ಮಾಡಿದ್ದು?" ಅಂದರು ಯಜಮಾನರು.

"ನಾನು. ಚೀಟಿ ಕಟ್ಟಿದೆ, ಉಗ್ರಾಣಕ್ಕೆ ಹೇಳೋದು ಮರೆತೆ."

"ನೀನೇ ಮಾಡಿ, ನನ್ನ ಹತ್ರಾನೇ..." ಯಜಮಾನರ ದನಿ ಏರಿತು. ಏರಿದ್ದು ಕೇಳಿ ಎಲ್ಲರಿಗೂ ಹಗುರಾಯಿತು. ಮೆಲ್ಲಗಿನ ದನಿ ಹೋಗಿತ್ತು. "ಬೆಳಿಗ್ಗೆಯಿಂದ ನನ್ನ ಪ್ರಾಣ ತೆಗೆದೆಯಲ್ಲೇ!"

"ಅದಕ್ಕೆ ಬೈಯಿರಿ, ಕೇಳ್ತೀನಿ. ನಂಬರ್ ಕೊಡಲಿಲ್ಲ ಅಂತ ಬೈದ್ರೆ ಕೇಳಲ್ಲ."

ಯಜಮಾನರು ಬೈದರು. ಚೆನ್ನಾಗಿಯೇ ಬೈದರು. ಅವಳು ಕೈಕಟ್ಟಿ ನಿಂತು ಪೂರ್ತಿ ಕೇಳಿಸಿಕೊಂಡಳು. ಮುಗಿದ ಮೇಲೆ ಅವರು ನೀರು ಕುಡಿದು, "ಈಗ ಎಲ್ಲಾ ಡಾಕ್ಟ್ರುಗಳಿಗೂ ಒಂದು ಸಂದೇಶ ಕಳಿಸು. ಇಂಟರ್ನೆಟ್ಟಿನ ತೊಂದರೆ ಇತ್ತು, ಈಗ ಸರಿಯಾಗಿದೆ ಅಂತ ಬರಿ" ಅಂದರು.

ಅವಳು ಬರೆಯತೊಡಗಿದಳು. ಯಜಮಾನರು ಹೆಗಲ ಮೇಲಿಂದ ಓದುತ್ತಿದ್ದರು. ಚಿತ್ರ ಹೋಗದಿದ್ದ ತಪ್ಪು ನಮ್ಮ ಕಡೆಯದು, ಈಗ ಸರಿಮಾಡಿದ್ದೇವೆ. ನಿಮ್ಮ ರೋಗಿಗಳ ಒಂದು ಚಿತ್ರವೂ ಹೊರಗಿನವರಿಗೆ ಕಂಡಿಲ್ಲ.

"ನಮ್ಮ ಕಡೆಯದು ಅಂತ ಯಾಕೆ ಬರೀತೀಯ? ಇಂಟರ್ನೆಟ್ ಅಂತ ಬರಿ, ಅದೇನು ಬಂದು ನಿನ್ನ ಹತ್ರ ಜಗಳ..."

ಅವರ ಮಾತು ಮುಗಿಯುವ ಮೊದಲೇ ಅವಳು ಒತ್ತಿದಳು. ಸಂದೇಶ ಹೋಯಿತು.